ಬೊಳ್ಳಿ ಬಣ್ಣದ ಕುರ್ಚಿ ಸೈಕಲ್

ಬಿಚ್ಚಲು ಬಲ್ಲವನಿಗೆ ಜೋಡಿಸಲೂ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ನಾನು ಹೈಸ್ಕೂಲಿನ ಕನ್ನಡ ಮಾಸ್ಟ್ರು. ಇಷ್ಟು ವರ್ಷ ಮಕ್ಕಳೆದುರು ಸಂಧಿ ಬಿಡಿಸಿದವನು, ಬಿಡಿಸಿದ್ದನ್ನು ಪುನಃ ಕೂಡಿಸಿದವನು. ಅಂಥವನಿಗೆ ಒಂದು ಸೈಕಲ್ ಏನು ಮಹಾ? ಮುಂದಿನ ಚಕ್ರ ಪೂರ್ವಪದ, ಹಿಂದಿನ ಚಕ್ರ ಉತ್ತರಪದ, ಎರಡನ್ನೂ ಕೂಡಿಸುವುದಕ್ಕೆ ಒಂದು ಚೈನು. ಇಷ್ಟೇ!

ಹೀಗೆ ಆತ್ಮವಿಶ್ವಾಸದಿಂದ ತುಂಬಿ ತುಳುಕುತ್ತಿದ್ದ ಒಂದು ಆದಿತ್ಯವಾರ ವಿಟ್ಲದಿಂದ ಮಾಮಿಯ ಫೋನ್ ಬಂತು. ಮಾಮಿ ಎಂದರೆ ನನ್ನ ಸೋದರಮಾವನ ಹೆಂಡತಿ. ಮಾಮ ತೀರಿಕೊಂಡ ಮೇಲೆ ವಿಟ್ಲದ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಆ ಮನೆ ಮಾತ್ರವಲ್ಲ, ಆಚೀಚಿನ ಮನೆಗಳೂ ಅವರ ಸ್ವರದ ಅಧೀನದಲ್ಲಿವೆ.

"ಸದಾಶಿವಾ, ಇಲ್ಲಿ ಹಳೆ ದನದ ಹಟ್ಟಿ ಕೆಡವುವುದುಂಟು. ನಿನ್ನ ಮಾಮನ ಕುರ್ಚಿ ಸೈಕಲ್ ಅದರೊಳಗೆ ಉಂಟು. ನೀನು ಕೊಂಡೋಗ್ತೀಯಾ, ಗುಜರಿಯವನಿಗೆ ಕೊಡುವುದಾ?"

ಕುರ್ಚಿ ಸೈಕಲ್!

ಶೀನ ಮಾಮ ಕುವೈಟಿನಲ್ಲಿದ್ದವರು. ಎಲ್ಲರೂ ಅಲ್ಲಿಂದ ರೇಡಿಯೋ, ಸೆಂಟು, ಕಂಬಳಿ ತಂದರೆ ಮಾಮ ಒಂದು ಸೈಕಲ್ ತಂದರು. ಮುಂದಿನ ಚಕ್ರ ಚಿಕ್ಕದು, ಹಿಂದಿನದು ದೊಡ್ಡದು. ಹ್ಯಾಂಡಲ್ ಕೋಣದ ಕೊಂಬಿನ ಹಾಗೆ ಮೇಲಕ್ಕೆ ಹೋಗಿ ಹಿಂದಕ್ಕೆ ಬಾಗಿತ್ತು. ಸೀಟು ಇಬ್ಬರು ಕೂರುವಷ್ಟು ಉದ್ದ, ಕೊನೆಗೆ ಬೆನ್ನು ಒರಗಿಸಲು ಒಂದು ಕಮಾನು. ಅದಕ್ಕೇ ಊರವರು ಕುರ್ಚಿ ಸೈಕಲ್ ಎಂದದ್ದು. ಎಲ್ಲಕ್ಕಿಂತ ಮಿಗಿಲಾಗಿ, ಸವಾರನ ಎರಡು ಮೊಣಕಾಲುಗಳ ನಡುವೆ ಕಾರಿನಲ್ಲಿರುವಂಥ ಒಂದು ಗೇರಿನ ದಂಡ! ಇಂಥ ಸೈಕಲ್ ಕೆಲಸಕ್ಕಲ್ಲ, ಷೋಕಿಗೆ. ರಜೆಯಲ್ಲಿ ನಾನು ಪಾಣೆಮಂಗಳೂರಿನ ಹೊಳೆ ಬದಿಯಲ್ಲಿದ್ದ ಅವರ ಮನೆಗೆ ಹೋದಾಗ ಅದು ಜಗಲಿಯಲ್ಲಿ ಮಾಮನ ಹಳೆಯ ಲುಂಗಿ ಹೊದ್ದು ನಿಂತಿರುತ್ತಿತ್ತು. ನಾನು ಹತ್ತಿರ ಹೋದರೆ ಒಳಗಿನಿಂದ ಮಾಮನ ಸ್ವರ ಬರುತ್ತಿತ್ತು. "ಮುಟ್ಬೇಡ!"

ಮುಟ್ಟಲಿಲ್ಲ. ಆದರೆ ನಿದ್ದೆಯಲ್ಲಿ ಅದನ್ನು ಓಡಿಸದ ದಿನವಿಲ್ಲ. ನನ್ನ ಕನಸಿನಲ್ಲಿ ಅದು ನೇತ್ರಾವತಿಯ ನೀರಿನ ಮೇಲೆ ಸೇತುವೆಯ ಹಂಗಿಲ್ಲದೆ ಹೋಗುತ್ತಿತ್ತು. ಒಮ್ಮೆ ಕೆಂಪಾಗಿರುತ್ತಿತ್ತು, ಒಮ್ಮೆ ನೀಲಿ, ಒಮ್ಮೆ ಹೊಳೆಯ ಮೇಲಿನ ಮಂಜಿನ ಬಣ್ಣ. ಅದರ ನಿಜವಾದ ಬಣ್ಣ ಯಾವುದೆಂದು ಕೇಳಿದರೆ ಇಂದಿಗೂ ನನಗೆ ಹೇಳಲಾಗದು. ಕಣ್ಣಿನಿಂದ ನೋಡಿದ್ದಕ್ಕಿಂತ ಕಣ್ಣು ಮುಚ್ಚಿ ನೋಡಿದ್ದೇ ಹೆಚ್ಚು.

ನಮ್ಮದು ಅಳಿಯಕಟ್ಟಿನ ಕುಟುಂಬ. ಮಾವನ ಆಸ್ತಿ ಅಳಿಯನಿಗೆ ಎಂಬುದು ಅನಾದಿಯಿಂದ ಬಂದ ಕ್ರಮ. ನನ್ನ ಕಾಲಕ್ಕೆ ಕ್ರಮವೆಲ್ಲ ಸಡಿಲವಾಗಿ ಗದ್ದೆ, ಮನೆ, ಬಾವಿ ಯಾವುದೂ ನನ್ನವರೆಗೆ ಬರಲಿಲ್ಲ. ಸೈಕಲ್ ಬಂತು. ಪರಂಪರೆಯ ಕೊನೆಯ ಕೊಂಡಿ ನಾನೇ ಎಂಬ ಗಾಂಭೀರ್ಯದಿಂದ "ಗುಜರಿಗೆ ಕೊಡಬೇಡಿ ಮಾಮಿ, ಬಂದೆ" ಎಂದೆ.

ಅಡುಗೆಮನೆಯಿಂದ ಸುಜಾತ ಬಂದಳು. ನನ್ನ ಹೆಂಡತಿ, ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ನರಿಕೊಂಬಿನ ಅರ್ಧ ಊರಿಗೆ ರವಿಕೆ ಹೊಲಿದುಕೊಡುವವಳು. ಅವಳಿಗೂ ಆ ಸೈಕಲಿಗೂ ಒಂದು ನಂಟಿದೆ. ಪೊಳಲಿ ಹತ್ತಿರದ ಅವಳ ಮನೆಗೆ ಹೆಣ್ಣು ನೋಡಲು ಹೋದ ದಿನ ಮಾತಾಡಲು ಏನೂ ತೋಚದೆ ನಾನು ಮಾಮನ ಸೈಕಲನ್ನು ವರ್ಣಿಸಿದ್ದೆ. ಮಾಮ ಮಾಮಿಯನ್ನು ಹಿಂದೆ ಕೂರಿಸಿಕೊಂಡು ಹೊಳೆ ಬದಿಯಲ್ಲಿ ಹೋಗುವುದು, ಮಾಮಿಯ ಸೆರಗು ಗಾಳಿಗೆ ಹಾರುವುದು, ಹೀಗೆ ನೋಡಿದ್ದನ್ನೂ ನೋಡದ್ದನ್ನೂ ಸೇರಿಸಿ ಹೇಳಿದ್ದೆ. ಮದುವೆಯಾದ ಮೇಲೆ ಅವಳು ಹೇಳಿದಳು: "ಹುಡುಗ ಹೇಗಿದ್ದಾನೆ ಅಂತ ನಾನು ಸರಿಯಾಗಿ ನೋಡ್ಲೇ ಇಲ್ಲ. ಆ ಸೈಕಲ್ ಹೇಗಿರಬಹುದು ಅಂತಲೇ ಯೋಚಿಸ್ತಾ ಇದ್ದೆ."

ಈಗ ಅವಳು ಕೈ ಒರೆಸಿಕೊಳ್ಳುತ್ತ ಕೇಳಿದಳು. "ಅದು ಸರಿಯಾದ ಮೇಲೆ ನನ್ನನ್ನು ಒಂದು ಸಲ ಹಿಂದೆ ಕೂರಿಸಿಕೊಂಡು ಪೊಳಲಿಗೆ ಹೋಗ್ತೀರಾ? ಇಡೀ ದಾರಿ ಬೇಡ. ಆ ಗದ್ದೆ ಬಯಲಿನ ರಸ್ತೆಯಲ್ಲಿ ದೇವಸ್ಥಾನದವರೆಗೆ ಹೋದರೆ ಸಾಕು. ಮಳೆ ಹಿಡಿಯುವ ಮೊದಲು."

"ಇಷ್ಟೇಯಾ ಮಾರಾಯ್ತಿ? ಬರುವ ವಾರವೇ ಹೋಗುವ!" ಎಂದೆ. ಸುಜಾತ ನನ್ನಿಂದ ಏನನ್ನೂ ಕೇಳುವವಳಲ್ಲ. ಕೇಳಿದ್ದು ಇದೊಂದು. ಅವಳ ಮುಖ ಅರಳಿದ್ದನ್ನು ನೋಡಿ ನನಗೂ ತುಂಬ ಸಂತೋಷವಾಯಿತು.

ನೆರೆಮನೆಯ ಲಾರೆನ್ಸರ ಪಿಕಪ್‌ನಲ್ಲಿ ಸೈಕಲ್ ನಮ್ಮ ಅಂಗಳಕ್ಕೆ ಬಂತು. ಅದನ್ನು ಇಳಿಸಿ, ಸ್ವಲ್ಪ ಹೊತ್ತು ಸುತ್ತ ನಡೆದು ಲಾರೆನ್ಸ್ ಕೇಳಿದರು. "ಮಾಸ್ಟ್ರೇ, ಇದು ಸೈಕಲ್ಲಾ? ನಿಮ್ಮ ಮಾಮಿ ತಪ್ಪಿ ಹಟ್ಟಿಯ ಕಿಟಕಿ ಕೊಟ್ಟದ್ದಲ್ಲ ತಾನೇ?"

ನಾನು ನಕ್ಕು ಸ್ಪ್ಯಾನರ್ ಕೈಗೆತ್ತಿಕೊಂಡೆ. ಬಿಚ್ಚುವ ಕಾರ್ಯ ನಿರ್ವಿಘ್ನವಾಗಿ ನೆರವೇರಿತು. ಬಿಚ್ಚಬಾರದ್ದನ್ನೂ ಬಿಚ್ಚಿದೆ. ಚಕ್ರದ ನಡುವಿನ ಗುಂಬದಿಂದ ಬೇರಿಂಗಿನ ಗುಂಡುಗಳು ಸ್ವಾತಂತ್ರ್ಯ ಸಿಕ್ಕಿದವರಂತೆ ಜಗಲಿಯಿಡೀ ಉರುಳಿದವು. ಹೆಚ್ಚಿನವು ಸಿಕ್ಕಿದವು. ಉಳಿದವು ಮರುದಿನ ದೋಸೆಗೆ ಅರೆಯುವಾಗ ಗ್ರೈಂಡರಿನಲ್ಲಿ ಗುಡುಗಿನ ಸದ್ದಿನೊಂದಿಗೆ ಪತ್ತೆಯಾದವು.

ತುಕ್ಕು ತೆಗೆಯಲು ನಾನು ಬಿಂಬುಳಿಯನ್ನು ಆರಿಸಿಕೊಂಡೆ. ಅದರ ಹುಳಿಗೆ ಹಲ್ಲೇ ಜುಂ ಎನ್ನುತ್ತದೆ, ಇನ್ನು ತುಕ್ಕು ಯಾವ ಲೆಕ್ಕ? ಹಿತ್ತಿಲ ಮರದಲ್ಲಿ ಗೊಂಚಲು ಗೊಂಚಲಾಗಿ ಬಿಟ್ಟದ್ದನ್ನು ಕೊಯ್ದು, ಜಜ್ಜಿ, ಉಪ್ಪು ಸೇರಿಸಿ, ನಟ್ಟು ಬೋಲ್ಟುಗಳನ್ನೆಲ್ಲ ಅದರಲ್ಲಿ ಮುಳುಗಿಸಿಟ್ಟೆ. ಇಡಲು ಬೇರೆ ಪಾತ್ರೆ ಸಿಗದೆ ಒಂದು ಖಾಲಿ ಭರಣಿಯಲ್ಲಿಟ್ಟೆ. ಭರಣಿಯ ಜಾಗ ಅಡುಗೆಮನೆಯ ಕಪಾಟು, ಆದ್ದರಿಂದ ಶಿಸ್ತಿನ ಮನುಷ್ಯನಾದ ನಾನು ಅದನ್ನು ಅಲ್ಲಿಯೇ ಇಟ್ಟೆ.

ಒಂದು ಮಧ್ಯಾಹ್ನ ಲಾರೆನ್ಸ್ ನಮ್ಮಲ್ಲಿ ಗಂಜಿಗೆ ಕೂತರು. ಸುಜಾತ ಗಂಜಿಯ ಜತೆ ಉಪ್ಪಿನಕಾಯಿ ಬಡಿಸಿದಳು. ಲಾರೆನ್ಸ್ ಒಂದು ತುತ್ತು ತಿಂದು, ನಿಧಾನವಾಗಿ ಕೇಳಿದರು.

"ಸುಜಾತಕ್ಕ, ಬಿಂಬುಳಿಯಲ್ಲಿ ಬೀಜ ಇರ್ತದಾ?"

"ಸಣ್ಣ ಸಣ್ಣದು ಉಂಟು."

"ಇದು ಸಣ್ಣದಲ್ಲ" ಎಂದು ಲಾರೆನ್ಸ್ ಬಾಯಿಯಿಂದ ಒಂದು ನಟ್ಟು ತೆಗೆದು ಬಟ್ಟಲ ಅಂಚಿನಲ್ಲಿಟ್ಟರು. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ತುಕ್ಕು ಪೂರ್ತಿ ಹೋಗಿತ್ತು! "ನೋಡಿದ್ರಾ!" ಎಂದು ಕೂಗಿದೆ. ಆ ಸಂಭ್ರಮದಲ್ಲಿ ನನ್ನೊಂದಿಗೆ ಭಾಗಿಯಾಗಲು ಇಬ್ಬರೂ ಸಿದ್ಧರಿರಲಿಲ್ಲ.

ಆದರೂ ಲಾರೆನ್ಸ್ ದೊಡ್ಡ ಮನಸ್ಸಿನವರು. ಗಂಜಿ ಮುಗಿಸಿ, ಬಾಯಿ ತೊಳೆದು, ಅವರೇ ಹೇಳಿದರು. "ಮೂಡುಬಿದಿರೆಯಲ್ಲಿ ಧನಕೀರ್ತಿ ಅಂತ ಒಬ್ರಿದ್ದಾರೆ ಮಾಸ್ಟ್ರೇ. ಹಳೆ ಗಾಡಿಗಳ ಹುಚ್ಚು. ಅವರಿಗೆ ಒಮ್ಮೆ ತೋರಿಸುವ." ಆ ಒಂದು ಮಾತಿನಿಂದ ನನ್ನ ಸಂಸಾರದಲ್ಲಿ ಏನೇನಾಯಿತು ಎಂಬುದು ಪಾಪ, ಅವರಿಗೆ ಗೊತ್ತಿಲ್ಲ.

ಧನಕೀರ್ತಿಯವರು ಬಂದರು. ಬಿಳಿ ಅಂಗಿ, ಕೈಯಲ್ಲಿ ಭೂತಗನ್ನಡಿ. ಅಂಗಳದಲ್ಲಿ ಗೋಣಿಯ ಮೇಲೆ ಹರಡಿಕೊಂಡಿದ್ದ ಸೈಕಲಿನ ಅವಶೇಷಗಳನ್ನು ಬಗ್ಗಿ ನೋಡಿ ಅವರು ಕೇಳಿದರು. "ಇದು ಯಾವ ಆವೃತ್ತಿ?"

ನಾನು ಪುಸ್ತಕಕ್ಕೆ ಮಾತ್ರ ಆವೃತ್ತಿ ಇರುವುದೆಂದು ತಿಳಿದಿದ್ದವನು. ಅವರು ವಿವರಿಸಿದರು. ಇಂಥ ಷೋಕಿ ಸೈಕಲಿನಲ್ಲಿ ಒಂದನೆಯ ಆವೃತ್ತಿ ಬೇರೆ, ಎರಡನೆಯದು ಬೇರೆ. ಒಂದರಲ್ಲಿ ಸೀಟು ಹಿಂದಕ್ಕೆ ಸರಿದಿರುತ್ತದೆ, ಇನ್ನೊಂದರಲ್ಲಿ ಮುಂದಕ್ಕೆ. ಒಂದರಲ್ಲಿ ಗೇರಿನ ದಂಡದ ತುದಿಯಲ್ಲಿ ಅಡ್ಡ ಹಿಡಿ, ಇನ್ನೊಂದರಲ್ಲಿ ಉರುಟು ಗುಂಡು. ಗುರುತಿಸದೆ ಒಂದು ಸ್ಕ್ರೂ ಕೂಡ ಬದಲಿಸಬಾರದು. "ಒರಿಜಿನಲ್ ಹೋದರೆ ಎಲ್ಲ ಹೋಯಿತು ಮಾಸ್ಟ್ರೇ. ಮತ್ತೆ ಅದು ಬರೀ ಸೈಕಲ್" ಎಂದರು. ಬೇಸಿಗೆಯಲ್ಲಿ ಮೂಡುಬಿದಿರೆಯಲ್ಲಿ ಹಳೆಯ ವಾಹನಗಳ ಕೂಟ ನಡೆಸುವವರೂ ಅವರೇ. "ಸರಿಯಾಗಿ ಗುರುತಿಸಿ ತನ್ನಿ. ನಮ್ಮ ಕಡೆ ಇಂಥದ್ದು ಬೇರೆ ಇಲ್ಲ."

ಬರೀ ಸೈಕಲ್! ಆ ಶಬ್ದ ನನ್ನನ್ನು ಚುಚ್ಚಿತು. ಅಂದಿನಿಂದ ನಾನು ದುರಸ್ತಿಗಾರನಲ್ಲ, ಸಂಶೋಧಕ. ಫೋನಿನಲ್ಲಿ ಇಂಥ ಸೈಕಲ್ ಪ್ರಿಯರ ಒಂದು ಗುಂಪು ಸೇರಿಕೊಂಡೆ. ಜಗಲಿಯಲ್ಲಿ ಕುಳಿತು ಫೋಟೋ ನೋಡುತ್ತ ನೋಡುತ್ತ ಸಂಜೆಯಾಗುತ್ತಿತ್ತು. ಒಮ್ಮೊಮ್ಮೆ ಫೋನ್ ಮಡಿಲಲ್ಲಿಟ್ಟು ಹೊಳೆಯ ಕಡೆ ನೋಡುತ್ತ ಕೂತರೆ, ಆ ಸೈಕಲ್ ಯಾವುದೋ ದೂರದ ಕಾರ್ಖಾನೆಯಿಂದ ಹೊರಟು, ಹಡಗು ಹತ್ತಿ, ಮರಳುಗಾಡಿನ ಬೆಳಕಿನಲ್ಲಿ ನಿಂತು, ನನಗಾಗಿಯೇ ನೇತ್ರಾವತಿಯ ತೀರಕ್ಕೆ ಬಂದದ್ದು ಕಾಣುತ್ತಿತ್ತು. ಅಷ್ಟರಲ್ಲಿ "ಹಾಲು ಉಕ್ಕಿತು!" ಎಂಬ ಸ್ವರ ಕೇಳುತ್ತಿತ್ತು. ಹಾಲು ನೋಡಿಕೊಳ್ಳಲು ನನಗೇ ಹೇಳಿದ್ದಂತೆ.

ಸಂಶೋಧನೆಯ ಫಲಿತಾಂಶ ರೋಮಾಂಚಕವಾಗಿತ್ತು. ನಮ್ಮ ಗೇರಿನ ದಂಡದ ತುದಿಯಲ್ಲಿ ಅಡ್ಡ ಹಿಡಿಯೂ ಇಲ್ಲ, ಆ ಫೋಟೋಗಳ ಉರುಟೂ ಅಲ್ಲ. ಚಪ್ಪಟೆಯಾದ, ಕಪ್ಪಗೆ ಮಿಂಚುವ ಒಂದು ಗುಬುಟು. ಸೀಟಿನ ಅಡಿಯಲ್ಲಿ ಅರ್ಧ ಅಳಿಸಿಹೋದ ಇಂಗ್ಲಿಷ್ ಅಕ್ಷರಗಳು. ಅಂಚಿನಲ್ಲಿ ಮಿಷನಿನದ್ದಲ್ಲದ, ಕೈಯ ಹೊಲಿಗೆ. ಮುಂದಿನ ಚಕ್ರ ಇರಬೇಕಾದ್ದಕ್ಕಿಂತಲೂ ಚಿಕ್ಕದು. ಇಂಥದ್ದು ಯಾರ ಬಳಿಯೂ ಇರಲಿಲ್ಲ! ಅಂದ ಮೇಲೆ ಇದು ಒಂದನೆಯದೂ ಅಲ್ಲ, ಎರಡನೆಯದೂ ಅಲ್ಲ. ಅರಬರ ದೇಶಕ್ಕಾಗಿ ಕೈಯಿಂದಲೇ ತಯಾರಿಸಿದ, ಲೋಕ ಮರೆತ ಮೂರನೆಯ ಆವೃತ್ತಿ! ಗುಂಪಿನಲ್ಲಿ ಹೀಗೆಂದು ಉದ್ದಕ್ಕೆ ಬರೆದೆ. ಯಾರೂ ಉತ್ತರ ಕೊಡಲಿಲ್ಲ. ವಿದ್ವಾಂಸರೆಲ್ಲ ಮೂಕವಿಸ್ಮಿತರಾದರೆಂದು ನಾನು ತಿಳಿದೆ.

ಈ ನಡುವೆ ಸುಜಾತ ಆಗಾಗ ಕೇಳುತ್ತಿದ್ದಳು. "ಪೊಳಲಿಗೆ ಯಾವಾಗ ಹೋಗುವ?"

"ಬೇರಿಂಗ್ ಆಗಲಿ" ಎಂದೆ. ಬೇರಿಂಗ್ ಆಯಿತು. "ಟಯರ್ ಆಗಲಿ" ಎಂದೆ. ಟಯರೂ ಆಯಿತು; ಜೋಡಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಲಾರೆನ್ಸರದ್ದು. ಸೈಕಲ್ ತನ್ನ ಕಾಲ ಮೇಲೆ ನಿಂತಿತು. ಅವಳು ಒಂದು ದಿನ ಸೀಟಿನ ಹರಿದ ಅಂಚನ್ನು ಮುಟ್ಟಿ ನೋಡುತ್ತ, "ಇಲ್ಲಿ ಬಿಟ್ಟಿದೆ. ನನ್ನ ಹತ್ರ ದಪ್ಪ ನೂಲು ಉಂಟು, ನಾನು ಹೊಲಿದು ಕೊಡ್ತೇನೆ. ಮತ್ತೆ ಇಬ್ಬರೂ ಕೂರಬಹುದು" ಎಂದಳು.

"ಮುಟ್ಬೇಡ!" ಎಂದೆ.

ನನ್ನ ಸ್ವರ ಅಂಗಳ ದಾಟಿತು. ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಳು. ನಾನು ಮಾಸ್ಟ್ರ ಧಾಟಿಯಲ್ಲಿ ತಿಳಿಹೇಳಿದೆ. "ಅದು ಒರಿಜಿನಲ್ ಹೊಲಿಗೆ ಸುಜಾತಾ. ಲೋಕದಲ್ಲಿ ಒಂದೇ ಇರುವುದು. ನರಿಕೊಂಬಿನ ನೂಲು ಹಾಕಿದರೆ ಮುಗಿಯಿತು. ಅದರ ಮೇಲೆ ಕೂರುವುದೂ ಈಗ ಬೇಡ."

"ಕೂರುವುದಕ್ಕೇ ಅಲ್ವಾ ಸೀಟು ಇರುವುದು?" ಎಂದು ಅವಳು ಮೆಲ್ಲಗೆ ಕೇಳಿ ಒಳಗೆ ಹೋದಳು. ಅಂದಿನಿಂದ ಪೊಳಲಿಯ ಮಾತು ಎತ್ತಲಿಲ್ಲ. ಅವಳಿಗೆ ಸಂಶೋಧನೆಯ ಮಹತ್ವ ಅರ್ಥವಾಯಿತೆಂದು ನಾನು ಸಮಾಧಾನಪಟ್ಟುಕೊಂಡೆ. ಎಂಥ ಮೂರ್ಖ!

ಉಳಿದದ್ದು ಬಣ್ಣ. ಕೆರೆದು ನೋಡಿದರೆ ನೀಲಿಯ ಕೆಳಗೆ ಹಸುರು, ಹಸುರಿನ ಕೆಳಗೆ ಕಂದು, ಅದರ ಕೆಳಗೆ ತುಕ್ಕು. ಇದಕ್ಕೆ ಸಾಕ್ಷಿ ಮಾಮಿಯೊಬ್ಬರೇ ಎಂದು ಫೋನ್ ಮಾಡಿದೆ. ವಿಟ್ಲದ ಆ ಮೂಲೆಯಲ್ಲಿ ನೆಟ್‌ವರ್ಕ್ ಎಂಬುದು ಬಂದರೆ ಬಂತು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆದರೆ ಮುಂದಿನ ಒಂದು ಮಾತನ್ನು ತುಳುವಿನಲ್ಲೇ ಕೊಡದೆ ಉಪಾಯವಿಲ್ಲ.

"ಮಾಮೀ, ಸೈಕಲಿನ ಬಣ್ಣ ಯಾವುದಿತ್ತು?"

ಕರಕರ ಸದ್ದು. ಮತ್ತೆ ಮಾಮಿಯ ಸ್ವರ ಹೊಳೆಯ ಆಚೆ ದಡದಿಂದ ಬಂದಂತೆ ಬಂತು. "ಬೊಳ್ಳ... ಬನ್ನ... ಅಯ್ಯೋ ಸದಾಶಿವಾ, ಅದನ್ನೆಲ್ಲ ಈಗ ಯಾಕೆ..." ಫೋನ್ ಕಟ್ಟಾಯಿತು.

ಬೊಳ್ಳಿ ಬಣ್ಣ! ತುಳುವಿನಲ್ಲಿ ಬೊಳ್ಳಿ ಎಂದರೆ ಬೆಳ್ಳಿ. ನನ್ನ ಕಣ್ಣೆದುರು ಹೊಳೆಯ ಮೇಲಿನ ಮಂಜಿನಿಂದ ಒಂದು ಬೆಳ್ಳಿಯ ಸೈಕಲ್ ಹೊರಬಂತು. ಹೌದು, ಅದು ಬೆಳ್ಳಿಯೇ ಆಗಿತ್ತು! ಕನಸಿನಲ್ಲಿ ನಾನು ಕಂಡದ್ದು ಸುಳ್ಳಲ್ಲ.

ಬೆಳ್ತಂಗಡಿಯಲ್ಲಿ ಒಬ್ಬ ಪೈಂಟರಿದ್ದಾನೆ, ಜೀಪಿಗೂ ಗೇಟಿಗೂ ಬಣ್ಣ ಹೊಡೆಯುವವನು. ಅವನಲ್ಲಿಗೆ ಒಯ್ದೆ. "ಸಿಲ್ವರಾ? ಉಂಟು ಸಾರ್, ಅಂಗಡಿ ಶಟರಿಗೆ ತಂದದ್ದು ಬಾಕಿ ಉಂಟು" ಎಂದು ಅವನು ಆ ಸಂಜೆಯೇ ಮುಗಿಸಿಕೊಟ್ಟ. ಹೊರಗೆ ತಂದು, ಮುಚ್ಚಿದ ಅಂಗಡಿಯೊಂದರ ಶಟರಿಗೆ ಒರಗಿಸಿ ನಿಲ್ಲಿಸಿ, ಚಾ ಕುಡಿದು ಬಂದು ನೋಡುತ್ತೇನೆ, ಸೈಕಲ್ ಇಲ್ಲ! ಕೂಗಾಡಿದೆ. ಜನ ಸೇರಿದರು. ಕೊನೆಗೆ ಶಟರಿಗೆ ಕೈ ಊರಿ ಅಳುಮೋರೆಯಲ್ಲಿ ನಿಂತಾಗ ಕೈಗೆ ಹ್ಯಾಂಡಲ್ ತಾಗಿತು. ಬಣ್ಣ ಅಷ್ಟು ಚೆನ್ನಾಗಿ ಹೊಂದಿತ್ತು.

ಕೂಟದ ದಿನ ಬಂತು. ಲಾರೆನ್ಸರ ಪಿಕಪ್‌ನಲ್ಲಿ ಮೂಡುಬಿದಿರೆಗೆ ಹೊರಟೆವು. ಮಾಮಿ ಹಿಂದಿನ ದಿನವೇ ನಮ್ಮಲ್ಲಿಗೆ ಬಂದಿದ್ದರು. ಮಾಮನ ಸೈಕಲಿಗೆ ಮರ್ಯಾದೆ ಆಗುವುದನ್ನು ನೋಡಬೇಕಲ್ಲ! ಆದರೆ ಸೈಕಲನ್ನು ಅವರಿಗೆ ತೋರಿಸಲಿಲ್ಲ. ಮೇಲಿಂದ ಒಂದು ಬೆಡ್‌ಶೀಟ್ ಹೊದಿಸಿ, ಅಲ್ಲಿಯೇ ಅನಾವರಣ ಎಂದಿದ್ದೆ. ಸುಜಾತ ಚೂಡಿದಾರ್ ಹಾಕಿದ್ದಳು. "ಇಂಥ ಕಾರ್ಯಕ್ರಮಕ್ಕೆ ಸೀರೆ ಉಡಬಾರದಾ?" ಎಂದೆ. ಅವಳು ತನ್ನ ಚೀಲ ಎತ್ತಿಕೊಂಡು ಪಿಕಪ್ ಹತ್ತಿದಳು.

ಮೈದಾನದಲ್ಲಿ ಹಳೆಯ ಜೀಪುಗಳು, ಮೋಟರ್ ಸೈಕಲುಗಳು, ಒಂದು ಮರದ ಚಕ್ರದ ಗಾಡಿ. ನಮ್ಮ ಸರದಿ ಬಂದಾಗ ಧನಕೀರ್ತಿಯವರು ಮೈಕ್ ನನ್ನ ಕೈಗೆ ಕೊಟ್ಟರು. ಬೆಡ್‌ಶೀಟ್ ಎಳೆದೆ. ಬಿಸಿಲಿಗೆ ಸೈಕಲ್ ಕಣ್ಣು ಕೋರೈಸಿತು. "ಮಾನ್ಯರೇ, ತಾವು ನೋಡುತ್ತಿರುವುದು ಲೋಕವಿಖ್ಯಾತ ಸೈಕಲೊಂದರ ಅಜ್ಞಾತವಾದ ಮೂರನೆಯ ಆವೃತ್ತಿ" ಎಂದು ಆರಂಭಿಸಿದೆ. ಅರಬರ ದೇಶ, ಕೈಹೊಲಿಗೆ, ಬೆಳ್ಳಿಯ ಮೂಲವರ್ಣ, ಎಲ್ಲವೂ ಅಚ್ಚಗನ್ನಡದಲ್ಲಿ 'ಆದುದರಿಂದ', 'ಎಂಬುದಾಗಿ'ಗಳ ಸಹಿತ ಹರಿದುಬಂತು. ಧನಕೀರ್ತಿಯವರು ಭೂತಗನ್ನಡಿ ಹಿಡಿದು ಬಗ್ಗಿದರು.

"ಎಂತ ಬೆಳ್ಳಿ?" ಎಂಬ ಸ್ವರ ಮೈಕಿನ ಹಂಗಿಲ್ಲದೆ ಇಡೀ ಮೈದಾನಕ್ಕೆ ಕೇಳಿತು. ಮಾಮಿ!

"ನೀವೇ ಹೇಳಿದ್ದಲ್ವಾ ಮಾಮಿ, ಬೊಳ್ಳಿ ಬಣ್ಣ ಅಂತ?"

"ನಾನು ಎಲ್ಲಿ ಹಾಗೆ ಹೇಳಿದ್ದು? 'ಬೊಳ್ಳ ಬನ್ನಗ' ಅಂದದ್ದು ನಾನು!"

ಮೈದಾನದ ಅರ್ಧ ಜನ ತುಳುವರು. ಅವರು ಕೂಡಲೇ ನಕ್ಕರು. ಉಳಿದವರಿಗೆ ಪಕ್ಕದವರು ವಿವರಿಸಿದ ಮೇಲೆ ನಕ್ಕರು. ಹಾಗಾಗಿ ನಾನು ಎರಡು ಸಲ ನಗೆಪಾಟಲಾದೆ. ಬೊಳ್ಳ ಎಂದರೆ ನೆರೆ. ಬೊಳ್ಳ ಬನ್ನಗ ಎಂದರೆ ನೆರೆ ಬರುವಾಗ! ಒಂದು ಗುಣಿತಾಕ್ಷರ ತಪ್ಪಿದರೆ ಮಕ್ಕಳ ಮಾರ್ಕು ಕತ್ತರಿಸುವ ನಾನು ಒಂದು ಗುಡಿಸನ್ನು ಹೆಚ್ಚು ಕೇಳಿಸಿಕೊಂಡು ಮಾಮನ ಸೈಕಲನ್ನು ಶಟರ್ ಮಾಡಿಬಿಟ್ಟಿದ್ದೆ.

ಮಾಮಿ ಮುಂದೆ ಬಂದರು. "ದೊಡ್ಡ ನೆರೆ ಬರುವಾಗ ಸೈಕಲ್ ಜಗಲಿಯಿಂದ ತೇಲಿಕೊಂಡು ಹೋಯ್ತು. ಮಾಮ ಹೊಳೆ ಬದಿ ಇಡೀ ಹುಡುಕಿದ್ರು. ಬಿದಿರಿನ ಹಿಂಡಿನಲ್ಲಿ ಸಿಕ್ಕಿದ್ದು ಬರೀ ಅಸ್ಥಿ. ಮುಂದಿನ ಚಕ್ರ ಇಲ್ಲ, ಸೀಟು ಇಲ್ಲ. ಈ ಚಕ್ರ ಐಸ್‌ಕ್ಯಾಂಡಿ ಗಾಡಿದು. ಬಣ್ಣ ಯಾರ ಮನೆಯಲ್ಲಿ ಯಾವುದು ಉಳಿದಿತ್ತೋ ಅದು." ಅಷ್ಟರಲ್ಲಿ ಅವರ ಕಣ್ಣು ಗೇರಿನ ದಂಡದ ತುದಿಗೆ ಬಿತ್ತು. "ಅಯ್ಯೋ! ಇದು ನನ್ನ ಇಡ್ಲಿ ಪಾತ್ರೆಯ ಮುಚ್ಚಳದ ಹಿಡಿ! ಎಷ್ಟು ಹುಡುಕಿದ್ದೇನೆ! ಕದ್ದು ಇಲ್ಲಿ ಹಾಕಿದ್ದಾ ಇವರು?" ಎಂದವರೇ ಅದನ್ನು ತಿರುಗಿಸಿ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡರು. ಮೂರನೆಯ ಆವೃತ್ತಿಯ ಮುಖ್ಯ ಲಕ್ಷಣ ನನ್ನ ಕಣ್ಣೆದುರೇ ಅಡುಗೆಮನೆಗೆ ವಾಪಸಾಯಿತು.

"ಮತ್ತೆ ಸೀಟು?" ಎಂದು ಧನಕೀರ್ತಿಯವರು ಕೇಳಿದರು. ಪಾಪ, ಅವರಿಗೂ ಸ್ವಲ್ಪ ಆಸೆ ಉಳಿದಿತ್ತು.

"ಸೀಟು ನಾನು ಹೊಲಿದದ್ದು. ಕುವೈಟಿನ ಸೂಟ್‌ಕೇಸ್ ನೆರೆಯಲ್ಲಿ ಹಾಳಾಗಿತ್ತು, ಅದನ್ನೇ ಕತ್ತರಿಸಿದೆ. ಸೈಕಲ್ ಹೋದ ಮೇಲೆ ಇವರು ಊಟ ಸರಿಯಾಗಿ ಮಾಡ್ತಿರಲಿಲ್ಲ. ನಾನು ಒಂದು ದಿನ ಹೇಳಿದೆ, 'ಹೋದದ್ದು ಹೋಯ್ತು ಮಾರಾಯ್ರೆ. ನಾನು ಹೊಲಿದು ಕೊಡ್ತೇನೆ, ಮೊದಲಿನ ಹಾಗೆ ಹಿಂದೆ ಕೂರಿಸಿಕೊಂಡು ಹೋಗಿ' ಅಂತ. ಮತ್ತೆ ನಾವು ಎಷ್ಟೋ ವರ್ಷ ಹೋಗಿದ್ದೇವೆ."

ಮಾಮಿ ಬಿಟ್ಟುಹೋದ ಆ ಅಂಚನ್ನು ಸವರುತ್ತ, "ಇಲ್ಲಿ ನೂಲು ಹೋಗಿದೆ. ಸುಜಾತಾ, ನಿನ್ನ ಕೈಯಲ್ಲಿ ಹೊಲಿಗೆ ಉಂಟಲ್ಲ, ಒಂದು ಹಾಕಬಾರದಾ ಮಗಳೇ?" ಎಂದರು.

ಸುಜಾತ ನನ್ನನ್ನು ನೋಡಿದಳು. ಬಯ್ಯಲಿಲ್ಲ, ನಗಲಿಲ್ಲ, ನೋಡಿದಳು ಅಷ್ಟೇ. ಇಡೀ ಮೈದಾನ ನಕ್ಕಾಗ ಆಗದಷ್ಟು ನಾಚಿಕೆ ನನಗೆ ಆಗ ಆಯಿತು. ಇವಳು ಕೇಳಿದ್ದು ಒಂದೇ ಒಂದು ಸಣ್ಣ ಸವಾರಿ. ಮಳೆಯ ಮೋಡ ಆಗಲೇ ಒಂದೆರಡು ಸಂಜೆ ಬಂದು ಹೋಗಿತ್ತು.

ಮೈಕ್ ಕೆಳಗಿಟ್ಟು, "ಸುಜಾತಾ, ಕೂತುಕೋ. ಈಗಲೇ ಹೋಗುವ" ಎಂದೆ.

"ಇಲ್ಲಿಯಾ? ಎಲ್ಲರೂ ನೋಡ್ತಾರೆ."

"ನೋಡಲಿ!"

ಅವಳು ಹಿಂದೆ ಕೂತಳು. ನಾನು ಮುಂದೆ ಕೂತೆ. ನನ್ನ ಬಾಲ್ಯದ ಕನಸು ನನ್ನ ಅಡಿಯಲ್ಲಿತ್ತು. ಅಪ್ರತಿಮ ವೀರನಂತೆ ಪೆಡಲು ತುಳಿದೆ. ಗೇರು ಹಗುರದ್ದು, ನನ್ನ ತುಳಿತ ಮಾತ್ರ ವಿಪರೀತ ಜೋರಾಯಿತು. ಗೇರು ಬದಲಿಸುವ ಎಂದರೆ ದಂಡದ ತಲೆ ಮಾಮಿಯ ಚೀಲದಲ್ಲಿದೆ! ಭಾರವೆಲ್ಲ ಹಿಂದೆ, ಮುಂದೆ ಐಸ್‌ಕ್ಯಾಂಡಿಯ ಹಗುರ ಚಕ್ರ. ಅದು ನೆಲ ಬಿಟ್ಟು ಮೆಲ್ಲಗೆ ಮೇಲೆದ್ದಿತು. ನಾನು ಆಕಾಶವನ್ನು ಕಂಡೆ. ತುಂಬ ನೀಲಿಯಾಗಿತ್ತು. ಒಂದು ಬಿಳಿ ಮೋಡ ಯಾರ ಗೊಡವೆಯೂ ಇಲ್ಲದೆ ಹೋಗುತ್ತಿತ್ತು. ಕನಸಿನಲ್ಲಿ ಹಾರುತ್ತಿದ್ದುದು ಹೀಗೆಯೇ ಎಂದು ಅಂದುಕೊಳ್ಳುವಷ್ಟರಲ್ಲಿ ಸುಜಾತ ಬಸ್ಸಿನಿಂದ ಇಳಿದವಳಂತೆ ಹಿಂದಿನಿಂದ ಇಳಿದು ನಿಂತಳು. ನಾನು ಇಳಿಯಲಿಲ್ಲ, ಬಿದ್ದೆ. ನನ್ನ ಮೇಲೆ ಸೈಕಲ್ ಬಿತ್ತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾರ್ಯಕ್ರಮದಲ್ಲಿ ಸರ್ಕಸ್ಸೂ ಉಂಟೆಂದು ತಿಳಿದರೋ ಏನೋ. ಧನಕೀರ್ತಿಯವರು ನನ್ನನ್ನು ಎಬ್ಬಿಸಿ, "ಆವೃತ್ತಿ ಯಾವುದಾದರೂ ಇರಲಿ ಮಾಸ್ಟ್ರೇ, ಪೆಟ್ಟು ಒರಿಜಿನಲ್" ಎಂದರು.

ಕಾಲು ಉಳುಕಿ ಬಾತುಕೊಂಡಿತ್ತು. ಸೈಕಲನ್ನೂ ನನ್ನನ್ನೂ ಪಿಕಪ್‌ನ ಹಿಂದೆ ಹಾಕಿದರು. ಸುಜಾತ ನನ್ನ ಜತೆಗೇ ಹಿಂದೆ ಕೂತಳು. ಕೈಕಂಬದ ದಾರಿಯಾಗಿ ಪೊಳಲಿಗೆ ಬಂದೆವು. ಅವಳು ಯಾವಾಗಲೋ ಚೀಲದಿಂದ ಸೂಜಿ, ದಪ್ಪ ನೂಲು ತೆಗೆದಿದ್ದಳು. ಪಿಕಪ್ ಕುಲುಕುತ್ತಿದ್ದರೂ ಸೀಟಿನ ಅಂಚನ್ನು ಮಾಮಿಯ ಹೊಲಿಗೆಯ ಪಕ್ಕದಲ್ಲೇ ಹೊಲಿದು, ಹಲ್ಲಿನಿಂದ ನೂಲು ಕತ್ತರಿಸಿದಳು.

"ನೂಲು ಇವತ್ತು ತಂದಿದ್ದೀಯಾ?"

"ಚೂಡಿದಾರ್ ಕೂಡ ಹಾಕಿದ್ದೇನೆ. ವಾಪಸ್ ಬರುವಾಗ ಪೊಳಲಿಯ ಮೇಲೆಯೇ ಅಲ್ವಾ ಬರುವುದು ಅಂತ ಅಂದುಕೊಂಡೆ."

ಸಂಜೆಯ ಬಿಸಿಲು ಗದ್ದೆ ಬಯಲಿನ ಮೇಲೆ ಉದ್ದಕ್ಕೆ ಮಲಗಿತ್ತು. ದೂರದಲ್ಲಿ ಫಲ್ಗುಣಿ ಹೊಳೆ ಒಂದು ಗೆರೆಯಾಗಿ ಕಾಣುತ್ತಿತ್ತು. ಸುಜಾತ ಕ್ಯಾಬಿನ್ನಿನ ತಗಡಿಗೆ ತಟ್ಟಿದಳು. "ಲಾರೆನ್ಸಣ್ಣ, ನಿಲ್ಲಿಸಿ. ಸೈಕಲ್ ಇಳಿಸುವ."

"ನನಗೆ ಕಾಲು ಊರ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ" ಎಂದೆ.

"ನೀವು ಯಾಕೆ ಊರುವುದು? ನಾನು ಓಡಿಸ್ತೇನೆ. ನೀವು ಹಿಂದೆ ಕೂತುಕೊಳ್ಳಿ."

ಮಾಮಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಮುಂದೆ ಭಾರ ಕಟ್ಟು ಮಗಳೇ. ಇಲ್ಲದಿದ್ದರೆ ಅದು ಪುನಃ ಕುಣಿಯುತ್ತದೆ. ಮಾಮ ಯಾವಾಗಲೂ ಒಂದು ಹಲಸಿನಕಾಯಿ ಕಟ್ಟುತ್ತಿದ್ದರು."

ರಸ್ತೆ ಬದಿಯಲ್ಲಿ ಬಚ್ಚಂಗಾಯಿ ರಾಶಿ ಹಾಕಿದ್ದರು. ಕಲ್ಲಂಗಡಿಗೆ ನಮ್ಮಲ್ಲಿ ಹಾಗೆ ಹೇಳುವುದು. ಲಾರೆನ್ಸ್ ದೊಡ್ಡದೊಂದನ್ನು ಆರಿಸಿ ಗೋಣಿಯಲ್ಲಿ ಹಾಕಿ ಹ್ಯಾಂಡಲಿಗೆ ಬಿಗಿದರು. ಮುಂದೆ ಬಚ್ಚಂಗಾಯಿ, ಹಿಂದೆ ನಾನು, ನಡುವೆ ಸುಜಾತ. ಅವಳು ಒಂದು ಕಾಲಿನಿಂದ ನೆಲವನ್ನು ತಳ್ಳಿ, ನಿಧಾನಕ್ಕೆ ತುಳಿದಳು. ಸೈಕಲ್ ಒಂದು ಸಲ ಓಲಾಡಿ ನೇರವಾಯಿತು.

ನಾನು ಬೆನ್ನು ಒರಗಿಸಿ, ಬಾತ ಕಾಲನ್ನು ಮುಂದಕ್ಕೆ ಚಾಚಿ ಕೂತೆ. ಗಾಳಿಗೆ ಅವಳ ದುಪಟ್ಟ ನನ್ನ ಮುಖಕ್ಕೆ ಬಡಿಯುತ್ತಿತ್ತು. ಕೊಕ್ಕರೆಗಳು ಗದ್ದೆಯಿಂದ ಎದ್ದು ಹೋದವು. ಅವಳು ಏನೋ ಒಂದು ಹಾಡನ್ನು ತನ್ನಷ್ಟಕ್ಕೆ ಗುನುಗುತ್ತಿದ್ದಳು. ಅವಳಿಗೆ ಹಾಡು ಬರುತ್ತದೆಂದು ನನಗೆ ಮರೆತೇ ಹೋಗಿತ್ತು. ಇಷ್ಟು ಸುಖ ನನಗೆ ಕನಸಿನಲ್ಲೂ ಸಿಕ್ಕಿರಲಿಲ್ಲ.

ತಿರುವಿನ ಬಸ್‌ಸ್ಟಾಪಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಹಣ್ಣು, ಹೆಂಗಸು, ಚಾಚಿದ ಕಾಲಿನ ಗಂಡಸು, ಬೆಳ್ಳಿ ಬಣ್ಣದ ವಾಹನ, ಎಲ್ಲವನ್ನೂ ಕ್ರಮವಾಗಿ ನೋಡಿದರು. ಅವರಿಗೆ ತುಂಬ ಮರುಕವಾಯಿತು.

"ಏನು ಮಗಳೇ, ಹಿಂದೆ ಕೂತವರಿಗೆ ಸೌಖ್ಯ ಇಲ್ವಾ?"

ಸುಜಾತ ಪೆಡಲು ನಿಲ್ಲಿಸಲಿಲ್ಲ.

"ಹೌದು ಅಜ್ಜಿ, ತುಂಬ ಸಮಯದಿಂದ. ಇವತ್ತು ಸ್ವಲ್ಪ ಕಡಿಮೆ ಉಂಟು."

ನಾನು ರೋಗಿಗೆ ತಕ್ಕ ಮುಖ ಮಾಡಿಕೊಂಡು, ಅಜ್ಜಿಗೆ ಕೈಮುಗಿದೆ.